ಗುಂಡು ತಡೆಯುವ ಕಾರಿನಿಂದ ಇವರು ಇಳಿದರು

ನಾಲ್ಕು ಗಂಟೆ ಹತ್ತು ನಿಮಿಷ

ಜೋಹಾನ್ಸ್‌ಬರ್ಗಿನ ಹೊರಗಿನ ಹೆದ್ದಾರಿಯಲ್ಲಿ ನಮ್ಮ ಕಾರು ನಿಂತಾಗ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ನಾನು ಗಡಿಯಾರ ನೋಡಿದ್ದು ಊಟದ ಚಿಂತೆಗೆ. ನಮ್ಮ ಮನೆಯವರು ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುವುದಿಲ್ಲ. ಜೈನರ ಮನೆಗಳಲ್ಲಿ ಈಗ ಎಷ್ಟೋ ಜನ ಕೈಬಿಟ್ಟಿರುವ ಈ ನೇಮವನ್ನು ಇವರು ವಿಮಾನದಲ್ಲೂ ಬಿಟ್ಟಿರಲಿಲ್ಲ. ಊಟದ ಗಾಡಿ ತಂದ ಹುಡುಗಿಯನ್ನು ನಿಲ್ಲಿಸಿಕೊಂಡು, "ಈಗ ಕೆಳಗೆ ಸೂರ್ಯ ಇದಾನೋ ಇಲ್ವೋ ಕೇಳು" ಎಂದು ನನ್ನಿಂದ ಇಂಗ್ಲಿಷಿನಲ್ಲಿ ಕೇಳಿಸಿದ್ದರು.

ಜೂನ್ ಅಂದರೆ ಅಲ್ಲಿ ಚಳಿಗಾಲ. ಐದೂವರೆಗೆಲ್ಲ ಸೂರ್ಯ ಇಲ್ಲ. ಅಷ್ಟರೊಳಗೆ ಹೋಟೆಲು ಮುಟ್ಟಿ, ಊರಿಂದ ಹೊತ್ತು ತಂದ ಪುಟ್ಟ ಕುಕ್ಕರಿನಲ್ಲಿ ಅನ್ನ ಬೇಯಿಸಿ ಬಡಿಸಬೇಕು. ಮುಂದೆ ಉದ್ದನೆಯ ಲಾರಿಯೊಂದು ಅಡ್ಡಡ್ಡವಾಗಿ ನಿಂತಿತ್ತು. ಅದರ ಆಚೆ ಏನಾಗಿದೆಯೋ ಕಾಣದು.

"ಮರ ಬಿದ್ದಿರಬೇಕು. ನೋಡ್ಕಂಡು ಬರ್ತೀನಿ" ಎಂದರು ಇವರು.

ಕಣ್ಣು ಹಾಯಿಸಿದಷ್ಟು ದೂರಕ್ಕೆ ಒಂದು ಮರ ಇರಲಿಲ್ಲ. ಒಣಗಿದ ಹುಲ್ಲುಗಾವಲು, ವಿದ್ಯುತ್ ಕಂಬ, ತಂತಿಬೇಲಿ.

"ಯಾವ ಮರ ರೀ?" ಎಂದು ನಾನು ಕೇಳುವಷ್ಟರಲ್ಲಿ ಇವರು ಬಾಗಿಲು ದೂಡಿ ಇಳಿದಾಗಿತ್ತು. ರೈಫಲ್ಲಿನ ಗುಂಡು ತಡೆಯುವ ಗಾಜು, ತಡೆಯುವ ಬಾಗಿಲು, ಅದರೊಳಗಿನ ಬೆಚ್ಚನೆಯ ಸೀಟು, ಎಲ್ಲವನ್ನೂ ಬಿಟ್ಟು, ಕೈ ಹಿಂದೆ ಕಟ್ಟಿಕೊಂಡು, ಆಗುಂಬೆ ಘಾಟಿಯಲ್ಲಿ ನಡೆಯುವ ಹಾಗೆ ನಡೆದುಕೊಂಡು ಹೊರಟರು.

ಊರಿಗೆ ಬಂದ ಮೇಲೆ 'ಫಾರಿನ್ ಟೂರು ಹೇಗಾಯ್ತು?' ಎಂದು ಕೇಳಿದವರಿಗೆಲ್ಲ 'ಚೆನ್ನಾಗಾಯ್ತು' ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಚೆನ್ನಾಗೇನೂ ಆಗಲಿಲ್ಲ. ಆದದ್ದು ಇದು.

ಸಾಗರ: ಹೊರಡುವ ಮೊದಲು

ಇವರದು ಸಾಗರದಲ್ಲಿ ಗಾಜು ಮತ್ತು ಅಲ್ಯೂಮಿನಿಯಂ ಅಂಗಡಿ. ಸ್ಲೈಡಿಂಗ್ ಕಿಟಕಿ, ಬಚ್ಚಲ ಬಾಗಿಲು, ಬೇಕರಿಯ ಶೋಕೇಸು. ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತೇನೆ. ಜೋಹಾನ್ಸ್‌ಬರ್ಗಿನಲ್ಲಿ ಗಾಜಿನ ವ್ಯಾಪಾರಿಗಳ ಮೇಳ ನಡೆಯುತ್ತದೆ ಎಂದು ಇವರಿಗೆ ಯಾರೋ ಹೇಳಿದರು. ಅಂದಿನಿಂದ ಮನೆಯಲ್ಲಿ ಬೇರೆ ಮಾತಿಲ್ಲ.

"ಗುಂಡು ತಡಿಯೋ ಗಾಜಿನ ಏಜೆನ್ಸಿ ಕಣೇ ಸುಮತಿ. ಇಡೀ ಜಿಲ್ಲೆಗೆ ನಾನೊಬ್ನೆ."

"ಸಾಗರದಲ್ಲಿ ಗುಂಡು ಹೊಡಿಯೋರು ಯಾರು?"

"ಚಿನ್ನದಂಗಡಿ ಇಲ್ವಾ? ಬ್ಯಾಂಕ್ ಇಲ್ವಾ?"

"ಚಿನ್ನದಂಗಡಿಗೆ ಬರೋ ಕಳ್ಳ ಹೆಂಚು ತೆಗೆದು ಇಳೀತಾನೆ ರೀ. ಹೆಂಚಿಗೆ ಏನ್ ಹಾಕ್ತೀರಿ?"

ಉತ್ತರದ ಬದಲು ಪಾಸ್‌ಪೋರ್ಟ್ ಅರ್ಜಿ ಬಂತು. ಇವರ ಇಂಗ್ಲಿಷ್ ವ್ಯಾಪಾರಕ್ಕೆ ಸಾಕು, ವಿವರಣೆಗೆ ಸಾಲದು. ಅದಕ್ಕೆ ನಾನೂ ಹೊರಟೆ.

ಬಂದೂಕಿನ ವಿಷಯದಲ್ಲಿ ನಮ್ಮಿಬ್ಬರ ತಿಳಿವಳಿಕೆಯೂ ಒಂದೇ. ನಮ್ಮ ಕಡೆ ಕೋವಿ ಇರುವುದು ಗದ್ದೆಗೆ ನುಗ್ಗುವ ಹಂದಿಯನ್ನು ಓಡಿಸಲು. ಚುನಾವಣೆ ಬಂದರೆ ಅದನ್ನೂ ಠಾಣೆಗೆ ಒಪ್ಪಿಸಿ ಬರಬೇಕು. ನಾನು ಬೆಳೆದ ಕಾರ್ಗಲ್ಲಿನ ವಿದ್ಯುತ್ ಯೋಜನೆಯ ಕ್ವಾರ್ಟರ್ಸಿನಲ್ಲಿ ಬಂಡೆ ಸಿಡಿಸುವ ಸದ್ದು ಕೇಳುತ್ತಿತ್ತು. ಮೊದಲು ಸೀಟಿ ಊದುತ್ತಿದ್ದರು, ನಾವು ಕಿವಿ ಮುಚ್ಚಿಕೊಳ್ಳುತ್ತಿದ್ದೆವು. ಅಪಾಯ ಅಂದರೆ ಮೊದಲು ಸೀಟಿ ಊದಿಯೇ ಬರುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ.

ಗಾಜಿನ ಕಾರ್ಖಾನೆ

ಮೇಳ ಮುಗಿದ ಮರುದಿನ ಒಂದು ಕಾರ್ಖಾನೆಯವರು ನಮ್ಮಂಥ ಸಣ್ಣ ವ್ಯಾಪಾರಿಗಳನ್ನು ಕರೆದರು. ಕಾರು ಕಳಿಸಿದರು. ಅದನ್ನು ಓಡಿಸಿಕೊಂಡು ಥಾಬೊ ಬಂದ. ನಲವತ್ತು ದಾಟಿದ, ಎತ್ತರದ, ನಿಧಾನ ಮಾತಿನ ಮನುಷ್ಯ; ಮೊದಲು ಪೊಲೀಸಿನಲ್ಲಿದ್ದವನು. ನನ್ನನ್ನು 'ಮಾ' ಎಂದು ಕರೆದ. ಅಲ್ಲಿ ಸ್ವಲ್ಪ ವಯಸ್ಸಾದ ಹೆಂಗಸರನ್ನು ಹಾಗೇ ಕರೆಯುವುದಂತೆ. ಅಂಗಿಯ ಒಳಗೆ ದಪ್ಪನೆಯದೇನೋ ತೊಟ್ಟಿದ್ದ.

"ಭಾರ ಆಗುವುದಿಲ್ಲವಾ?" ಎಂದೆ.

"ಆಗುತ್ತೆ ಮಾ. ಆದರೆ ಹೆಂಡತಿ ದಿನಾ ಬೆಳಿಗ್ಗೆ ನನ್ನ ಬೆನ್ನು ತಟ್ಟಿ ನೋಡಿ ಕಳಿಸುತ್ತಾಳೆ. ಗುಂಡಿನ ಕವಚ ಕೈಗೆ ತಾಗದಿದ್ದರೆ ಗೇಟು ತೆಗೆಯುವುದಿಲ್ಲ."

ಊರು ನೋಡುತ್ತ ಹೋದೆವು. ಪ್ರತಿ ಮನೆಗೂ ಆಳೆತ್ತರದ ಗೋಡೆ, ಗೋಡೆಯ ಮೇಲೆ ಕರೆಂಟು ತಂತಿ. ನಮ್ಮಲ್ಲಿ ದನ ಬಾರದಿರಲಿ ಎಂದು ಹಾಕುವ ಬೇಲಿಗೂ ಒಂದು ಕಡೆ ದಾಟಲು ಕಂಡಿ ಇಟ್ಟಿರುತ್ತೇವೆ. ಟ್ರಾಫಿಕ್ ದೀಪಕ್ಕೆ ಅವರು 'ರೋಬೋಟ್' ಎನ್ನುತ್ತಾರೆ. 'ಮುಂದಿನ ರೋಬೋಟ್ ಹತ್ತಿರ ಬಲಕ್ಕೆ' ಎಂದು ಥಾಬೊ ಹೇಳಿದಾಗ ಇವರು ಸೀಟಿನ ತುದಿಗೆ ಬಂದು ಕೂತರು. ದೀಪ ಬಂತು, ರೋಬೋಟ್ ಬರಲಿಲ್ಲ. ಅದಕ್ಕೂ ನನ್ನ ಮೇಲೆ ಮುನಿಸು.

ಇವರ ದೊಡ್ಡ ತಕರಾರು ಕಿಟಕಿಯದು. ಗಾಜು ಹೆಬ್ಬೆರಳಿಗಿಂತ ದಪ್ಪ, ಇಳಿಸಲು ಬರುವುದಿಲ್ಲ. "ಉಸಿರುಕಟ್ಟುತ್ತೆ" ಎಂದು ಒಂದು ದೀಪದ ಹತ್ತಿರ ಬಾಗಿಲನ್ನೇ ಸಂದು ಮಾಡಿದರು. ಥಾಬೊ ಕನ್ನಡಿಯಲ್ಲಿ ನೋಡಿ ಹೇಳಿದ:

"ಸರ್, ಬಾಗಿಲು ಮುಚ್ಚಿದ್ದರೆ ಮಾತ್ರ ಇದು ಗುಂಡು ತಡೆಯುವ ಕಾರು. ತೆರೆದರೆ ಬರೀ ಭಾರದ ಕಾರು."

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಇವರು 'ಹ್ಞೂಂ' ಎಂದರು. ಮೂವತ್ತು ವರ್ಷದ ಸಂಸಾರದಲ್ಲಿ ಆ 'ಹ್ಞೂಂ'ನ ಅರ್ಥ ನನಗೆ ಗೊತ್ತು. ಕೇಳಿಸಿತು, ಒಳಗೆ ಹೋಗಲಿಲ್ಲ ಎಂದು.

ಕಾರ್ಖಾನೆ ತೋರಿಸಿದವರು ಪೀಟರ್ ಎಂಬ ತೆಳ್ಳನೆಯ ಇಂಜಿನಿಯರು. ಮೊದಲ ಮಾತೇ, "ಬುಲೆಟ್‌ಪ್ರೂಫ್ ಎಂಬ ಶಬ್ದವನ್ನು ಗೇಟಿನ ಹೊರಗೆ ಬಿಟ್ಟು ಬನ್ನಿ. ಎಲ್ಲ ಗುಂಡನ್ನೂ ತಡೆಯುವ ವಸ್ತು ನಮ್ಮಲ್ಲಿಲ್ಲ. ಯಾವ ಗುಂಡು, ಎಷ್ಟು ದೂರದಿಂದ, ಎಷ್ಟು ಸಲ ಎಂದು ಕೇಳಿ."

"ಗ್ಯಾರಂಟಿ ಇಲ್ದಿರೋ ಮಾಲು ಸಾಗರದಲ್ಲಿ ಯಾರು ತಗೊಳ್ತಾರೆ? ಕೇಳು ಅವರನ್ನ" ಎಂದರು ಇವರು. ನಾನು ಕೇಳಲಿಲ್ಲ.

ಗುಂಡು ತಡೆಯುವ ಗಾಜು ಒಂದೇ ಗಾಜಲ್ಲ. ಪತ್ರೊಡೆ ಮಾಡುವಾಗ ಕೆಸುವಿನ ಎಲೆ, ಹಿಟ್ಟು, ಮತ್ತೆ ಎಲೆ, ಮತ್ತೆ ಹಿಟ್ಟು ಎಂದು ಒತ್ತುತ್ತೇವಲ್ಲ, ಹಾಗೆ ಗಾಜು, ನಡುವೆ ಅಂಟುವ ಪ್ಲಾಸ್ಟಿಕ್ಕು, ಮತ್ತೆ ಗಾಜು. ಒಳಗಡೆಗೆ, ಕೂತವರ ಮುಖದ ಕಡೆಗೆ, ಒಡೆಯದೆ ಬಾಗುವ ಗಟ್ಟಿ ಪ್ಲಾಸ್ಟಿಕ್ಕಿನ ಹಾಳೆ. ಗಾಜು ಒಡೆಯುತ್ತ ಗುಂಡಿನ ಕಸುವನ್ನು ತಿನ್ನುತ್ತದೆ, ಪ್ಲಾಸ್ಟಿಕ್ಕು ಚೂರುಗಳನ್ನು ಹಿಡಿದಿಡುತ್ತದೆ. ಒಳಗಿನ ಮಗ್ಗುಲನ್ನು ಹೊರಗೆ ಮಾಡಿ ಕೂರಿಸಿದರೆ ಕೆಲಸಕ್ಕೆ ಬಾರದು.

ದೂರದ ಕೋಣೆಯಲ್ಲಿ ಒಂದು ಹಲಗೆ ಗಾಜನ್ನು ನಿಲ್ಲಿಸಿ, ನಮ್ಮನ್ನು ಬೇರೆ ಕೋಣೆಯಲ್ಲಿ ಕೂರಿಸಿ ಗುಂಡು ಹೊಡೆದು ತೋರಿಸಿದರು. ಸಾಮಾನ್ಯ ರೈಫಲ್ ಗುಂಡು ಅಂದರೆ ತಾಮ್ರದ ಅಂಗಿ ತೊಟ್ಟ ಸೀಸ. ಸೀಸ ಮೆತ್ತಗಿನ ಲೋಹ. ಗೋಡೆಗೆ ಎಸೆದ ಸಗಣಿಯ ಹಾಗೆ ಗಾಜಿನ ಮೇಲೆ ಚಪ್ಪಟೆಯಾಗಿತ್ತು. ಗಾಜಿನಲ್ಲಿ ಬಿಳಿಯ ಒಡಕು, ಒಳಮಗ್ಗುಲಲ್ಲಿ ಒಂದು ಉಬ್ಬು. ಅಷ್ಟೇ. ಇವರು ಚಪ್ಪಾಳೆ ತಟ್ಟಿದರು.

"ಈಗ ಇನ್ನೊಂದು" ಎಂದರು ಪೀಟರ್. ಅಂಥದೇ ಗಾಜು, ಅಷ್ಟೇ ದಪ್ಪ. ಈ ಗುಂಡಿನ ನಡುವೆ ಸೀಸದ ಬದಲು ಗಟ್ಟಿಮಾಡಿದ ಉಕ್ಕಿನ ಒಂದು ಮೊಳೆ ಇತ್ತು. ಕೆಲವುಗಳಲ್ಲಿ ಟಂಗ್‌ಸ್ಟನ್ನಿನ ಮಿಶ್ರಣವೂ ಇರುತ್ತದಂತೆ. ಅಂಗಿ ಹೊರಗೇ ಹರಿದು ಉಳಿಯಿತು, ಮೊಳೆಯೊಂದೇ ಒಳಗೆ ಹೋಯಿತು. ಗೋಣಿಚೀಲಕ್ಕೆ ಮುಷ್ಟಿಯಿಂದ ಗುದ್ದಿದರೆ ಚೀಲ ತಡೆಯುತ್ತದೆ. ಅದೇ ಚೀಲದಲ್ಲಿ ದಬ್ಬಳ ಸಲೀಸಾಗಿ ಹೋಗುತ್ತದೆ. ಇಷ್ಟಗಲದ ಬಲವನ್ನೆಲ್ಲ ಸಾಸಿವೆಯಷ್ಟು ಜಾಗಕ್ಕೆ ತಂದು ನಿಲ್ಲಿಸುವುದು, ಬಗ್ಗದೆ ಇರುವುದು. ಕವಚ ಸೀಳುವ ಗುಂಡಿನ ಗುಟ್ಟೆಲ್ಲ ಇಷ್ಟೆ.

"ಇದನ್ನು ತಡೆಯುವುದು ಹೇಗೆ?" ಎಂದೆ. ಪೀಟರ್ ಒಂದು ಪಿಂಗಾಣಿ ಬಿಲ್ಲೆ ಕೈಗೆ ಕೊಟ್ಟರು.

ಕೆಮಿಸ್ಟ್ರಿಯವಳಾದ ನನಗೆ ಅಲ್ಯೂಮಿನಾ, ಬೋರಾನ್ ಕಾರ್ಬೈಡ್ ಹೆಸರು ಹೊಸದಲ್ಲ. ಅವು ಉಕ್ಕಿಗಿಂತ ಗಡಸು ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಆದರೆ ಗಡಸು ಅಂದರೆ ಏನೆಂದು ಅಲ್ಲಿ ನೋಡಿದೆ. ಅನ್ನದಲ್ಲಿ ಕಲ್ಲು ಸಿಕ್ಕರೆ ಒಡೆಯುವುದು ಹಲ್ಲು. ಹಾಗೆ ಉಕ್ಕಿನ ಮೊಳೆ ಬಿಲ್ಲೆಗೆ ತಾಗಿ ಚೂರಾಗುತ್ತದೆ, ಬಿಲ್ಲೆಯೂ ಒಡೆಯುತ್ತದೆ, ಹಿಂದಿರುವ ನಾರಿನ ಪದರ ಎರಡರ ಚೂರನ್ನೂ ಬಲೆಯಂತೆ ಹಿಡಿಯುತ್ತದೆ. ಅದೇ ಜಾಗಕ್ಕೆ ಇನ್ನೊಂದು ಬಂದರೆ ದೇವರೇ ಗತಿ.

ಕೊನೆಗೆ ತೋರಿಸಿದ್ದು ಥಾಬೊ ಅಂಗಿಯ ಒಳಗೆ ತೊಡುವಂಥ ಮೆತ್ತನೆಯ ಕವಚ. ಅದರಲ್ಲಿ ಪಿಂಗಾಣಿ ಇಲ್ಲ, ಬರೀ ನಾರಿನ ಬಟ್ಟೆ ಪದರ ಪದರವಾಗಿ. ಪಿಸ್ತೂಲಿನ ಗುಂಡು ಅಗಲ, ನಿಧಾನ; ಅದನ್ನು ಹಿಡಿಯುತ್ತದೆ. ರೈಫಲ್ಲಿನದನ್ನು ಹಿಡಿಯದು. ಕವಚದ ಹಿಂದೆ ಜೇಡಿಮಣ್ಣಿನ ಗಟ್ಟಿ ಇಟ್ಟು ಪಿಸ್ತೂಲು ಹಾರಿಸಿದ್ದರು. ಗುಂಡು ಬಟ್ಟೆಯಲ್ಲೇ ನಿಂತಿತ್ತು. ಮಣ್ಣಿನಲ್ಲಿ ಇಡ್ಲಿ ತಟ್ಟೆಯ ಗುಳಿಯಂಥ ಗುಳಿ ಬಿದ್ದಿತ್ತು.

"ತಡೀತಲ್ಲ, ಮತ್ತೇನು?" ಎಂದರು ಇವರು.

ಪೀಟರ್‌ಗೆ ಕನ್ನಡ ಬಾರದಿದ್ದರೂ ಮುಖ ಓದಲು ಬಂತು. "ಗುಂಡು ನಿಂತಿತು. ಅದರ ಏಟು ನಿಲ್ಲಲಿಲ್ಲ. ಆ ಮಣ್ಣಿನ ಜಾಗದಲ್ಲಿ ನೀವಿದ್ದೀರಿ ಅಂದುಕೊಳ್ಳಿ."

ಇವರು ಮಣ್ಣನ್ನು ಬೆರಳಿನಿಂದ ಒತ್ತಿ ನೋಡಿ, ಏಜೆನ್ಸಿಯ ಕಮಿಷನ್ ಮಾತು ತೆಗೆದರು.

ಹೆದ್ದಾರಿ

ಆ ಮಾತಿನಲ್ಲಿ ಹೊತ್ತು ಹೋಯಿತು. ಹೊರಗೆ ಬಂದಾಗ ಬಿಸಿಲು ಓರೆಯಾಗಿತ್ತು. "ಹೊತ್ತು ಮುಳುಗೋದ್ರೊಳಗೆ ಮುಟ್ಟಿಸ್ತಾನಾ ಕೇಳು" ಎಂದು ಶುರುವಾಯಿತು. ಥಾಬೊ ಸುತ್ತಿನ ದಾರಿ ಹಿಡಿಯುವವನಿದ್ದ. "ಹೆದ್ದಾರಿ ಬೇಗ. ಆದರೆ ಈ ಹೊತ್ತಿಗೆ ಅಲ್ಲಿ ಬ್ಯಾಂಕಿನ ಹಣ ಸಾಗಿಸುವ ವ್ಯಾನುಗಳು ಓಡಾಡುತ್ತವೆ. ನನಗೆ ಆ ವ್ಯಾನುಗಳ ಹಿಂದೆ ಹೋಗುವುದು ಇಷ್ಟವಿಲ್ಲ" ಎಂದ. ಇವರು ಆಕಾಶದ ಕಡೆ ಕೈ ತೋರಿಸಿದರು. ನಂಬಿಕೆಯ ವಿಷಯ ಎಂದು ನಾನು ವಿವರಿಸಿದೆ. ಥಾಬೊ ತಲೆಯಾಡಿಸಿ ಹೆದ್ದಾರಿ ಹಿಡಿದ.

ಹೀಗೆ ನಾಲ್ಕು ಹತ್ತಕ್ಕೆ ಕಾರು ನಿಂತಿತು, ಇವರು ಇಳಿದರು.

ಇದನ್ನು ಓದುವ ಮಲೆನಾಡಿನವರಿಗೆ ಇವರು ಏಕೆ ಇಳಿದರೆಂದು ಹೇಳಬೇಕಿಲ್ಲ. ನಮ್ಮ ಘಾಟಿಯಲ್ಲಿ ವಾಹನ ನಿಂತಿತು ಅಂದರೆ ಮರ ಬಿದ್ದಿದೆ, ಇಲ್ಲವೇ ಧರೆ ಜರಿದಿದೆ, ಇಲ್ಲವೇ ಲಾರಿ ತಿರುವಿನಲ್ಲಿ ಸಿಕ್ಕಿಕೊಂಡಿದೆ. ಎಲ್ಲರೂ ಇಳಿದು ಮುಂದೆ ಹೋಗುತ್ತಾರೆ. ಒಬ್ಬ ಕತ್ತಿ ತರುತ್ತಾನೆ, ನಾಲ್ವರು ಕೊಂಬೆ ಎಳೆಯುತ್ತಾರೆ, ಹತ್ತು ಮಂದಿ ಸಲಹೆ ಕೊಡುತ್ತಾರೆ. ಗಾಡಿಯಲ್ಲೇ ಕೂತವನಿಗೆ 'ದೊಡ್ಡ ಮನುಷ್ಯ' ಎಂಬ ಹೆಸರು ಬರುತ್ತದೆ. ಇವರು ಹುಟ್ಟಿದಾಗಿನಿಂದ ಹಾಗೆ ಇಳಿದವರು. ಒಂಬತ್ತು ಸಾವಿರ ಮೀಟರ್ ಎತ್ತರದಲ್ಲಿ ವಿಮಾನ ನಿಂತರೂ ಇಳಿಯುತ್ತಿದ್ದರೇನೋ.

ಥಾಬೊ ಹಿಂತಿರುಗಿ ನೋಡಿದ. ಬಾಗಿಲು ತೆರೆದಿತ್ತು. ಆಗ ಸದ್ದು ಬಂತು. ಇದುವರೆಗೆ ದಪ್ಪ ಗಾಜಿನ ಆಚೆ 'ಟಪ್ ಟಪ್' ಎಂದು ಕೇಳಿದ್ದನ್ನು ನಾನು ಲಾರಿಯ ಟಯರು ಸದ್ದು ಅಂದುಕೊಂಡಿದ್ದೆ. ತೆರೆದ ಬಾಗಿಲಿನಿಂದ ಅದು ಬೇರೆಯೇ ಸದ್ದು. ಯಾರೋ ತಗಡಿನ ಮಾಡಿಗೆ ಸುತ್ತಿಗೆಯಿಂದ ಬಡಿದ ಹಾಗೆ, ಎದೆಗೆ ತಾಗುವ ಹಾಗೆ.

"ಮಾ, ಕೆಳಗೆ!" ಎಂದು ಕಿರುಚಿ ಥಾಬೊ ಇಳಿದು ಓಡಿದ. ಬಗ್ಗಿ, ಕೈ ನೆಲಕ್ಕೆ ತಾಗುವ ಹಾಗೆ ಓಡಿದ. ನಾನು ಕೆಳಗೆ ಕೂರಬೇಕಿತ್ತು. ಕೂರಲಿಲ್ಲ. ನೋಡುತ್ತಿದ್ದೆ. ಇವರು ಲಾರಿಯ ಹಿಂಭಾಗಕ್ಕೆ ತಲುಪಿ ಕತ್ತು ಚಾಚಿದ್ದರು. ಅಲ್ಲಿ ಹಣದ ವ್ಯಾನು ಅಡ್ಡ ಬಿದ್ದಿತ್ತಂತೆ, ಮುಖ ಮುಚ್ಚಿದವರು ಸುತ್ತುವರಿದಿದ್ದರಂತೆ. ನನಗೆ ಕಂಡಿದ್ದು ಇವರ ಬೆನ್ನು ಮಾತ್ರ. ಹಿಂದೆ ಕಟ್ಟಿದ ಎರಡು ಕೈ. ಅವು ನಿಧಾನವಾಗಿ ಬಿಚ್ಚಿಕೊಂಡವು.

ಥಾಬೊ ಇವರ ಕುತ್ತಿಗೆಪಟ್ಟಿ ಹಿಡಿದು ಹಿಂದಕ್ಕೆ ಎಳೆದ. ಇವರ ಒಂದು ಚಪ್ಪಲಿ ಅಲ್ಲೇ ಉಳಿಯಿತು. ಇವರು ಅದಕ್ಕೆ ಬಗ್ಗಿದರು. ಹೌದು, ಚಪ್ಪಲಿಗೆ ಬಗ್ಗಿದರು. ಥಾಬೊ ಇವರನ್ನು ಮೊಣಕಾಲಿನಿಂದ ನೂಕಿ ಕಾರಿನ ಕಡೆಗೆ ತಳ್ಳಿದ. ನಮ್ಮ ತೆರೆದ ಬಾಗಿಲಿನ ಗಾಜಿನ ಮೇಲೆ ಒಂದು ಬಿಳಿ ಚಕ್ಕೆ ಮೂಡಿತು. ಆಮೇಲೆ ಥಾಬೊ, ಯಾರೋ ಕರೆದ ಹಾಗೆ, ಒಂದು ಬದಿಗೆ ತಿರುಗಿದ. ತಿರುಗಿದವನು ಇವರ ಮೇಲೆಯೇ ಬಿದ್ದ. ಹೇಗೆ ಒಳಗೆ ಬಂದರೋ, ಬಾಗಿಲು ಯಾರು ಎಳೆದರೋ. ಬಾಗಿಲು ಮುಚ್ಚಿದ ಮೇಲೆ ಒಳಗೆ ಕೇಳುತ್ತಿದ್ದದ್ದು ಥಾಬೊನ ಉಸಿರು ಮಾತ್ರ. ಒದ್ದೆ ಬಟ್ಟೆ ಹಿಂಡಿದ ಹಾಗೆ.

ರಕ್ತ ಇರಲಿಲ್ಲ. ಅಂಗಿಯಲ್ಲಿ ಪಕ್ಕೆಲುಬಿನ ಹತ್ತಿರ ಒಂದು ತೂತು, ಅದರೊಳಗೆ ಕವಚದಲ್ಲಿ ಸಿಕ್ಕಿಕೊಂಡ ಬಿಸಿ ಲೋಹ. ಆ ಜೇಡಿಮಣ್ಣಿನ ಗುಳಿ ನನ್ನ ಕಣ್ಣಿಗೆ ಬಂತು.

ಆಸ್ಪತ್ರೆ

ಕಳ್ಳರು ಹೋದ ಮೇಲೆ ಬಂದ ಆಂಬುಲೆನ್ಸು ಥಾಬೊನನ್ನು ಆಸ್ಪತ್ರೆಗೆ ಮುಟ್ಟಿಸಿತು. ಪಕ್ಕೆಲುಬು ಮುರಿದಿತ್ತು. ಶ್ವಾಸಕೋಶ ಜಜ್ಜಿಹೋಗಿತ್ತು. ಅದರ ಸುತ್ತ ರಕ್ತ ತುಂಬಿ, ಎದೆಗೆ ಕೊಳವೆ ಹಾಕಿದ್ದರು. ಬದುಕುತ್ತಾನೋ ಎಂದು ಕೇಳಿದರೆ ಡಾಕ್ಟರು, "ಜಸ್ಟ್ ನೌ ಬಂದು ಹೇಳುತ್ತೇನೆ" ಎಂದರು. ಆ ದೇಶದಲ್ಲಿ 'ಜಸ್ಟ್ ನೌ' ಅಂದರೆ ಈಗಲೂ ಅಲ್ಲ, ಇನ್ನು ಸ್ವಲ್ಪ ಹೊತ್ತಿಗೂ ಅಲ್ಲ; ನಮ್ಮ 'ಇಗಾ ಬಂದೆ'ಯ ಖಾಸಾ ಅಣ್ಣ. ಊರಲ್ಲಿ ಅದನ್ನು ಕೇಳಿ ನಗುತ್ತೇವೆ. ಅಲ್ಲಿ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಥಾಬೊನ ಹೆಂಡತಿ ನೊಮ್ಸಾ ಬಂದಳು. ಶಾಲೆಯೊಂದರಲ್ಲಿ ಅಡುಗೆ ಮಾಡುವವಳು. ಏಪ್ರನ್ನಿನಲ್ಲೇ ಬಂದಿದ್ದಳು. ಅತ್ತು ಮುಗಿದ ಮೇಲೆ ನನ್ನ ಪಕ್ಕ ಕೂತು ಕೇಳಿದಳು:

"ನಿನ್ನ ಗಂಡ ಯಾಕೆ ಇಳಿದ?"

ಘಾಟಿಯ ಕಥೆಯನ್ನೆಲ್ಲ ಹೇಳಿದೆ. ಮರ, ಕತ್ತಿ, ಸಲಹೆ. ಅವಳು ಪೂರ್ತಿ ಕೇಳಿದಳು.

"ಇಲ್ಲಿ ರಸ್ತೆ ನಿಂತರೆ ನಾವು ಸೀಟಿನಿಂದ ಕೆಳಗೆ ಜಾರುತ್ತೇವೆ. ನನ್ನ ಮಗಳಿಗೆ ಮೂರು ವರ್ಷಕ್ಕೇ ಗೊತ್ತಿತ್ತು."

ನಾನು ಕಾರಿಡಾರಿನ ತುದಿಯ ಕಡೆ ನೋಡಿದೆ.

"ನನ್ನವನೂ ಇಳಿದನಲ್ಲ" ಎಂದಳು ನೊಮ್ಸಾ. "ಅವನ ಕೆಲಸ ಕಾರು ಓಡಿಸುವುದು. ಇಳಿಯಬಾರದು ಎಂದು ಅವನಿಗೂ ಗೊತ್ತಿತ್ತು. ಗಂಡಸರು!"

ಇವರು ಕಾರಿಡಾರಿನ ತುದಿಯಲ್ಲಿ ಆಸ್ಪತ್ರೆಯವರು ಕೊಟ್ಟ ಕಾಗದದ ಚಪ್ಪಲಿಯಲ್ಲಿ ಕೂತಿದ್ದರು. ಹೊತ್ತು ಮುಳುಗಿ ಎಷ್ಟೋ ಹೊತ್ತಾಗಿತ್ತು. ಊಟ ಮಾಡಿರಲಿಲ್ಲ. ನೊಮ್ಸಾ ಒಂದು ಬ್ರೆಡ್ಡು ಕೊಡಲು ಹೋದಳು. ಇವರು ಬೇಡವೆಂದು ಕೈಯಾಡಿಸಿದರು. ಅವಳಿಗೆ ಅದು ಸೊಕ್ಕಾಗಿ ಕಂಡಿತು. ನಾನು ಮತ್ತೆ ವಿವರಿಸಬೇಕಾಯಿತು. ಆ ದಿನ ಇವರನ್ನು ಪ್ರಪಂಚಕ್ಕೆ ವಿವರಿಸಿ ವಿವರಿಸಿ ನನ್ನ ಇಂಗ್ಲಿಷ್ ಮುಗಿದುಹೋಗಿತ್ತು.

ಮರುದಿನ ಪೊಲೀಸರು ಹೇಳಿಕೆ ಬರೆಸಿಕೊಂಡರು. ಠಾಣೆಯ ಅಂಗಳದಲ್ಲಿ ಆ ಹಣದ ವ್ಯಾನು ನಿಂತಿತ್ತು. ಉಕ್ಕಿನ ಮಗ್ಗುಲಲ್ಲಿ ಸಣ್ಣ, ದುಂಡನೆಯ, ಅಚ್ಚುಕಟ್ಟಾದ ತೂತುಗಳು. ಕೊರೆಯುವ ಮೆಷಿನ್ನಿನಿಂದ ಕೊರೆದ ಹಾಗೆ. ದಬ್ಬಳದ ಗುಂಡು. ಕಳ್ಳರಲ್ಲಿ ಕೆಲವರ ಹತ್ತಿರ ಅಂಥದು ಇತ್ತಂತೆ, ಕೆಲವರ ಹತ್ತಿರ ಬರೀ ಪಿಸ್ತೂಲು. ಥಾಬೊಗೆ ತಾಗಿದ್ದು ಪಿಸ್ತೂಲಿನದು. ನಮ್ಮ ಕಡೆಯ ಮಗ್ಗುಲಲ್ಲಿ ಪಿಸ್ತೂಲಿನವನು ನಿಂತಿದ್ದ, ಅಷ್ಟೆ. ರೈಫಲ್ಲಿನವನು ಈಚೆ ನಿಂತಿದ್ದರೆ? ಈ ಪ್ರಶ್ನೆ ಅಂದಿನಿಂದ ನನ್ನ ಜೊತೆ ಮಲಗಿ, ನನ್ನ ಜೊತೆ ಏಳಲು ಶುರುಮಾಡಿತು. ಅಷ್ಟೆಲ್ಲ ಪದರ, ಬಿಲ್ಲೆ, ನಾರು, ಪರೀಕ್ಷೆ. ಕಡೆಗೆ ನಿಂತದ್ದು ಯಾವ ಕಳ್ಳ ಯಾವ ಕಡೆ ಎಂಬುದರ ಮೇಲೆ. ಕೋಪ ಬಂತು. ಯಾರ ಮೇಲೆ ಎಂದು ಗೊತ್ತಾಗದ ಕೋಪ.

ವಿಮಾನದ ದಿನ ಬಂದೇಬಿಟ್ಟಿತು. ಥಾಬೊಗೆ ಇನ್ನೂ ಕೊಳವೆ ಇತ್ತು. ನನ್ನನ್ನು ನೋಡಿ "ಮಾ, ನೀವು..." ಎಂದ. ಉಸಿರು ಸಾಲದೆ ಅಲ್ಲಿಗೇ ನಿಲ್ಲಿಸಿದ. ಇವರು ಮಂಚದ ಪಕ್ಕ ನಿಂತು, ಕೈ ಮುಗಿದು, ಒಂದು ಮಾತೂ ಆಡದೆ ಹೊರಗೆ ಬಂದರು.

ಹೊಸನಗರ

ಊರಿಗೆ ಬಂದ ಮೇಲೆ ಇವರಿಗೆ ಮಾತು ಬಂತು. ಬೇಡದ ಮಾತು.

ಹೊಸನಗರದಲ್ಲಿ ಇವರ ಅಕ್ಕನ ಮನೆ. ನಾವು ಹೋಗುವಷ್ಟರಲ್ಲಿ ನಮ್ಮ ಕಥೆ ಅಲ್ಲಿಗೆ ತಲುಪಿ, ಬೆಳೆದು, ಮದುವೆ ವಯಸ್ಸಿಗೆ ಬಂದಿತ್ತು. ಅಕ್ಕಪಕ್ಕದವರು ಬಂದು ಕೂತಿದ್ದರು. ಯಾರೋ ಕೇಳಿದರು, "ನೀವು ಕಳ್ಳನ ಕೈ ಹಿಡ್ಕಂಡ್ರಂತೆ ಹೌದಾ?"

"ಹಾಗೇನಿಲ್ಲ" ಎಂದು ಇವರು ನಕ್ಕರು. ಅಲ್ಲ ಎಂದು ಹೇಳಿ ಹೌದು ಎನ್ನಿಸುವ ನಗು. "ಬುಲೆಟ್‌ಪ್ರೂಫ್ ಕಾರು ನೋಡಿ. ಗಾಜಿಗೆ ತಾಗಿ ಗುಂಡು ಚಪ್ಪಟೆ! ನಮಗೆ ಏನೂ ಆಗ್ಲಿಲ್ಲ. ಮಾಲು ಅಂದ್ರೆ ಹಂಗಿರಬೇಕು."

ನಾನು ಕಾಫಿಯ ಲೋಟ ಕೆಳಗಿಟ್ಟೆ.

"ಕಾರು ಗುಂಡು ತಡೀತು ರೀ. ಆದ್ರೆ ನೀವು ಕಾರಲ್ಲಿ ಇರ್ಲಿಲ್ಲ."

"ಸುಮತಿ, ಸುಮ್ನಿರು."

"ನಿಮಗೆ ಬರೋ ಗುಂಡು ತಡೆದದ್ದು ಗಾಜಲ್ಲ. ಥಾಬೊ. ಆ ಹೆಸರು ಇಲ್ಲಿ ಒಂದು ಸಲಾನಾದ್ರೂ ಹೇಳಿದ್ರಾ? ಅವನಿಗೆ ಒಂದು ಫೋನ್ ಮಾಡಿದ್ರಾ?"

ಕೂತವರೆಲ್ಲ ಅಂಗಳದಲ್ಲಿ ಸುರಿಯುತ್ತಿದ್ದ ಮಳೆ ನೋಡತೊಡಗಿದರು. ಅತ್ತಿಗೆ ಮಾತ್ರ ತಮ್ಮನ ಕಡೆ ತಿರುಗಿದರು. "ಯಾರೋ ಅದು ಥಾಬೊ? ನಂಗೆ ಹೇಳ್ಲೇ ಇಲ್ವಲ್ಲ ನೀನು."

ಇವರು ಎದ್ದು ಜಗಲಿಗೆ ಹೋದರು.

ನೊಮ್ಸಾ ನನಗೆ ವಾಟ್ಸಾಪಿನಲ್ಲಿ ಸುದ್ದಿ ಕಳಿಸುತ್ತಿದ್ದಳು. ಕೊಳವೆ ತೆಗೆದರು. ಜ್ವರ ಬಂತು. ಮತ್ತೆ ಆಸ್ಪತ್ರೆಗೆ ಸೇರಿಸಿದರು. ಮೆಟ್ಟಿಲು ಹತ್ತಿದರೆ ಏದುಸಿರು. ಇನ್ನು ಅವನು ಆ ಕೆಲಸಕ್ಕೆ ಹೋಗಬಲ್ಲನೋ ಇಲ್ಲವೋ ಡಾಕ್ಟರು ಹೇಳುತ್ತಿಲ್ಲ. ಓದಿ ಇವರ ಮುಂದೆ ಹಿಡಿಯುತ್ತಿದ್ದೆ. ಇವರು ನೋಡಿ 'ಹ್ಞೂಂ' ಎಂದು ಅಂಗಡಿಗೆ ಹೋಗುತ್ತಿದ್ದರು. ನಾನು ಪ್ರತಿದಿನ ಮಲಗುತ್ತಿದ್ದೆ, ಕಣ್ಣು ಮುಚ್ಚಿದೊಡನೆ ಆ ಎರಡು ಕೈ ಬಿಚ್ಚಿಕೊಳ್ಳುತ್ತಿದ್ದವು, ಎದ್ದು ಕೂರುತ್ತಿದ್ದೆ. ಪಕ್ಕದಲ್ಲಿ ಇವರು ಗೊರಕೆ ಹೊಡೆಯುತ್ತಿದ್ದರು. ಕ್ಲಾಸಿನಲ್ಲಿ ಗಡಸುತನದ ಪಾಠ ಬಂದಾಗ ಬೋರ್ಡಿಗೆ ಬೆನ್ನು ಹಾಕಿ ನಿಂತುಬಿಟ್ಟೆ. ಮಕ್ಕಳು ಹುಷಾರಿಲ್ಲ ಎಂದುಕೊಂಡರು. ಸಹೋದ್ಯೋಗಿಗಳು ಯೋಗ ಹೇಳಿದರು, ಕಷಾಯ ಹೇಳಿದರು, ವರದಾ ನದಿ ಹುಟ್ಟುವ ವರದಮೂಲದಲ್ಲಿ ಮಿಂದು ಬಾ ಎಂದರು. ಹೋಗಿ ಬಂದೆ. ನೀರು ತಣ್ಣಗಿತ್ತು.

ತೀರ್ಥಹಳ್ಳಿ

ತೀರ್ಥಹಳ್ಳಿಯಲ್ಲಿ ಒಬ್ಬ ಹಲ್ಲಿನ ಡಾಕ್ಟರ ಹೊಸ ಕ್ಲಿನಿಕ್ಕಿಗೆ ಇವರು ಗಾಜು ಕೂರಿಸುವ ಕೆಲಸ ಹಿಡಿದಿದ್ದರು. ಭಾನುವಾರ. ಮನೆಯಲ್ಲಿ ಒಬ್ಬಳೇ ಇರಲಾರದೆ ನಾನೂ ಹೋದೆ. ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಪೇಪರು ತಿದ್ದುತ್ತಿದ್ದೆ. ಕೆಲಸದವರು ಮುಂಬಾಗಿಲ ಗಾಜು ಎತ್ತುವಾಗ ಮೂಲೆ ಕಲ್ಲಿಗೆ ತಾಗಿತು. ಇಡೀ ಹಲಗೆ ಒಮ್ಮೆಲೇ ಸಿಡಿದು ಕಲ್ಲುಸಕ್ಕರೆಯ ಹಾಗೆ ನೆಲಕ್ಕೆ ಸುರಿಯಿತು.

ನನಗೆ ಆಮೇಲೆ ಗೊತ್ತಾದದ್ದು, ನಾನು ರೋಗಿಗಳು ಮಲಗುವ ಆ ಕುರ್ಚಿಯ ಹಿಂದೆ ನೆಲದ ಮೇಲೆ ಮುದುರಿದ್ದೆ. ಎರಡೂ ಕೈ ತಲೆಯ ಮೇಲೆ. ಪೇಪರುಗಳು ಎಲ್ಲೆಲ್ಲೋ.

"ಅಮ್ಮ, ಗಾಜು ಅಷ್ಟೇ ಅಮ್ಮ" ಎಂದ ಒಬ್ಬ.

ಇವರು ಬಂದು ಎದುರಿಗೆ ಕೂತರು, ಗಾಜಿನ ಹರಳಿನ ಮೇಲೆಯೇ. ನನ್ನ ಕೈ ತಲೆಯಿಂದ ಇಳಿಸಲು ನೋಡಿದರು. ಇಳಿಯಲಿಲ್ಲ. ನ್ಯಾಯವಾಗಿ ಅದು ನನ್ನ ಕೈ. ಆದರೆ ನನ್ನ ಮಾತು ಕೇಳುತ್ತಿರಲಿಲ್ಲ.

"ದಿನಾ ಹಿಂಗಾಗುತ್ತಾ?" ಎಂದರು.

"ದಿನಾ."

"ನಂಗೆ ಹೇಳ್ಲಿಲ್ಲ."

"ನೀವು ಕೇಳ್ಲಿಲ್ಲ."

ಇವರು ಚೆಲ್ಲಿದ ಪೇಪರುಗಳನ್ನು ಒಂದೊಂದಾಗಿ ಆರಿಸಿ ಜೋಡಿಸಿದರು. ಆಮೇಲೆ ನನ್ನ ಫೋನು ತೆಗೆದುಕೊಂಡು, "ಅವನ ಹೆಂಡತಿ ನಂಬರು ಯಾವುದು?" ಎಂದರು. ನಾನೇ ಒತ್ತಿಕೊಟ್ಟೆ. ವಿಡಿಯೊ ಕರೆ. ನೊಮ್ಸಾ ಇವರ ಮುಖ ನೋಡಿದೊಡನೆ ಫೋನನ್ನು ಅಂಗಳಕ್ಕೆ ಒಯ್ದಳು. ಬಿಸಿಲಿನಲ್ಲಿ ಥಾಬೊ ಕುರ್ಚಿ ಹಾಕಿಕೊಂಡು ಕೂತಿದ್ದ. ಇಳಿದುಹೋಗಿದ್ದ.

"ಥಾಬೊ ಬ್ರದರ್" ಎಂದರು ಇವರು. "ಐ ಆಮ್ ಸಾರಿ. ಐ ಕೇಮ್ ಔಟ್. ಮೈ ಮಿಸ್ಟೇಕ್." ಮುಂದೆ ಇಂಗ್ಲಿಷ್ ಬರಲಿಲ್ಲ. ನನ್ನ ಕಡೆ ನೋಡಿದರು. ನಾನು ಸಹಾಯ ಮಾಡಲಿಲ್ಲ.

ಥಾಬೊ ಕುರ್ಚಿಯಲ್ಲಿ ನೆಟ್ಟಗೆ ಕೂತ. ಆಮೇಲೆ ಶುರುಮಾಡಿದ.

"ಸರ್, ನಾನು ನಿಮಗೆ ಬಾಗಿಲು ತೆಗೆಯಬೇಡಿ ಅಂದಿದ್ದೆ, ಮಾ ಅದನ್ನು ನಿಮ್ಮ ಭಾಷೆಯಲ್ಲೂ ಹೇಳಿದ್ದರು, ಅಷ್ಟು ಭಾರದ ಬಾಗಿಲು ಕಷ್ಟಪಟ್ಟು ದೂಡಿ ಇಳಿದಿರಲ್ಲ, ಇಳಿದದ್ದಲ್ಲದೆ ಪಾರ್ಕಿನಲ್ಲಿ ವಾಕಿಂಗ್ ಹೋದ ಹಾಗೆ ಹೋದಿರಲ್ಲ, ಗುಂಡು ಹಾರುವಾಗ ಯಾವ ಮನುಷ್ಯ ಚಪ್ಪಲಿಗೆ ಬಗ್ಗುತ್ತಾನೆ, ನನ್ನ ಅಮ್ಮ ಬದುಕಿದ್ದರೆ ಆ ಚಪ್ಪಲಿಯಿಂದಲೇ ನಿಮಗೆ ಬಾರಿಸುತ್ತಿದ್ದಳು, ಹೊಸ ಚಪ್ಪಲಿ ಬೇಕಿದ್ದರೆ ನಾನೇ ಕೊಡಿಸುತ್ತಿದ್ದೆ, ಇನ್ನು ಮೇಲೆ ಆಫ್ರಿಕಾದಲ್ಲಿ ಮಾತ್ರವಲ್ಲ ನಿಮ್ಮ ಇಂಡಿಯಾದಲ್ಲೂ ಡ್ರೈವರ್ ಇಳಿಯಿರಿ ಅನ್ನುವ ತನಕ ಇಳಿಯಬಾರದು, ತಿಳಿಯಿತಾ!"

ಇವರಿಗೆ ಅರ್ಧ ಅರ್ಥವಾಯಿತೋ ಇಲ್ಲವೋ. "ಎಸ್. ಎಸ್ ಬ್ರದರ್. ಎಸ್" ಎಂದು ತಲೆ ತಗ್ಗಿಸಿ ಹೇಳುತ್ತಿದ್ದರು, ಹೆಡ್‌ಮಾಸ್ಟರ ಮುಂದೆ ನಿಂತವರ ಹಾಗೆ. ನಾನು ಕೇಳುತ್ತಿದ್ದದ್ದು ಬೈಗುಳವನ್ನಲ್ಲ. ಎಲ್ಲಿ ನಿಲ್ಲಿಸುತ್ತಾನೆ, ಎಲ್ಲಿ ಉಸಿರು ಸಿಕ್ಕಿಕೊಳ್ಳುತ್ತದೆ ಎಂದು ಕಾಯುತ್ತಿದ್ದೆ. ಸಿಕ್ಕಿಕೊಳ್ಳಲಿಲ್ಲ. 'ಮಾ, ನೀವು' ಎಂದು ಅಲ್ಲಿಗೇ ನಿಂತಿದ್ದ ಮನುಷ್ಯ, ಒಂದೇ ಉಸಿರಿನಲ್ಲಿ ಇಷ್ಟೂ ಬೈದು, ಕೊನೆಯಲ್ಲಿ ದನಿ ಏರಿಸಿದ್ದ. ಹಿಂದಿನಿಂದ ನೊಮ್ಸಾ ನಗುತ್ತಿದ್ದಳು. ಅವಳೂ ಅದನ್ನೇ ಕೇಳುತ್ತಿದ್ದಳು ಎಂದು ಕಾಣುತ್ತದೆ.

ಆ ಭಾನುವಾರ ಸಾಗರಕ್ಕೆ ಬಂದು ಮಲಗಿದವಳು ಎದ್ದಾಗ ಕಿಟಕಿಯಲ್ಲಿ ಬಿಸಿಲಿತ್ತು. ಸೋಮವಾರ. ಕಾಲೇಜಿನಲ್ಲಿ ನನ್ನ ಮೊದಲ ಪೀರಿಯಡ್ ಮುಗಿದಿತ್ತು.